ಎಂಟು ಗಂಟೆಯ ಮಾತ್ರೆ

ನಮ್ಮ ಮಾವ, ಅಂದ್ರೆ ಅಕ್ಕನ ಗಂಡ, ರಾತ್ರಿ ಎಂಟರ ಮಾತ್ರೆ ನುಂಗಿಯೇ ಸಿಂಧನೂರಲ್ಲಿ ಬೆಂಗಳೂರು ಬಸ್ ಹತ್ತೋದು. ಮರುದಿನ ಬೆಳಗಿನ ಎಂಟರ ಮಾತ್ರೆ ಅಂಗಿ ಕಿಸೆಯಲ್ಲಿ ಇರುತ್ತೆ. ಟ್ಯಾಕ್ರೋಲಿಮಸ್ ಅಂತ ಅದರ ಹೆಸರು. ಕಸಿ ಮಾಡಿದ ಕಿಡ್ನಿಯನ್ನು ಮೈ 'ಹೊರಗಿನದು' ಅಂತ ತಳ್ಳಿಹಾಕದ ಹಾಗೆ ನೋಡಿಕೊಳ್ಳುವ ಔಷಧ. ರಕ್ತದಲ್ಲಿ ಕಡಿಮೆಯಾದರೆ ಕಿಡ್ನಿ ಕೈಕೊಡುತ್ತೆ, ಜಾಸ್ತಿಯಾದರೆ ಔಷಧವೇ ಕಿಡ್ನಿಯನ್ನು ತಿನ್ನುತ್ತೆ. ಹಾಗಾಗಿ ಅದರ ಮಟ್ಟ ನೋಡಿಸುತ್ತಲೇ ಇರಬೇಕು. ಹಿಂದಿನ ಮಾತ್ರೆ ನುಂಗಿ 12 ತಾಸಾಗಿರಬೇಕು, ಮುಂದಿನದು ನುಂಗಿರಬಾರದು, ಆ ಹೊತ್ತಿಗೆ ರಕ್ತ ಕೊಡಬೇಕು.

ಕಳೆದ ಸಲ ಹಿರಿಯೂರು ದಾಟಿದ ಮೇಲೆ ಬಸ್ ಕೆಟ್ಟು ಮೂರು ತಾಸು ನಿಂತಿತು. ಎಂಟಾಯಿತು, ಎಂಟೂವರೆಯಾಯಿತು. ಅಕ್ಕನ ಫೋನ್: "ತಮ್ಮಾ, ಇವ್ರಿಗೆ ಗುಳಿಗಿ ಕೊಡ್ಲೋ ಬ್ಯಾಡೋ?" ನಾನು ಹೈಸ್ಕೂಲ್ ಗಣಿತ ಮೇಷ್ಟ್ರು. ಏನಂತ ಹೇಳಲಿ?

ಊರಲ್ಲೇ ಖಾಸಗಿ ಲ್ಯಾಬ್‌ನವರು ರಕ್ತ ತಗೊಂಡು ಕಳಿಸ್ತಾರಲ್ಲ ಅಂತೀರಿ. ಕಳಿಸ್ತಾರೆ. ಆದರೆ ನಾವು ತೋರಿಸುವ ಆಸ್ಪತ್ರೆಗೆ ತಮ್ಮ ಲ್ಯಾಬಿನ ರಿಪೋರ್ಟೇ ಬೇಕು. ಮೇಲಾಗಿ ರಿಪೋರ್ಟ್ ಓದಿ ಡೋಸ್ ಹೆಚ್ಚು ಕಡಿಮೆ ಮಾಡುವ ಡಾಕ್ಟರು ಕೂತಿರೋದೂ ಅಲ್ಲೇ.

ಆ ಕಿಡ್ನಿ ಅಕ್ಕನದು. ಮೊದಲು, ಸತ್ತವರ ಅಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಹಚ್ಚಿಸೋಣ ಅಂತ ಹೋಗಿದ್ವಿ. ಅಲ್ಲಿನ ಸಂಯೋಜಕಿ ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಫೋನ್ ಬಂದ್ರೆ ಎಷ್ಟು ಹೊತ್ತಲ್ಲಿ ಬರ್ತೀರಾ?" ಗಾಡಿ ಸಿಕ್ಕರೆ ಏಳೆಂಟು ತಾಸು ಅಂದೆ. ಆಕೆ ಏನೂ ಅನ್ನಲಿಲ್ಲ, ಬರೆದುಕೊಂಡಳು ಅಷ್ಟೆ. ವಾಪಸ್ ಬರುವಾಗ ಅಕ್ಕ ಅಂದಳು, "ನಂದೇ ಕೊಡ್ತೀನಿ ಬಿಡು." ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಅದನ್ನು ಇನ್ನೊಂದು ದಿನ ಬರೀತೀನಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ. ದೊಡ್ಡ ಉಪಕಾರ, ಅಲ್ಲಗಳೆಯಲ್ಲ. ಆದರೆ ನಮ್ಮ ಕಡೆಯವರಿಗೆ ಡಯಾಲಿಸಿಸ್ಸೇ ಕೊನೇ ಸ್ಟಾಪು. ಅದರಾಚೆ ಹೋಗಬೇಕಂದ್ರೆ ಆಸ್ಪತ್ರೆ ಪಕ್ಕ ತಿಂಗಳುಗಟ್ಟಲೆ ಬಾಡಿಗೆ ಕೋಣೆ, ಹೊಲ ಬಿಟ್ಟು ಜೊತೆಗಿರುವ ಒಬ್ಬರು, ಕುದಿಸಿದ ನೀರು, ಕಾಯಿಸಿದ ಊಟ. ಆಪರೇಷನ್ ಖರ್ಚಿಗೆ ಸರ್ಕಾರದ ಯೋಜನೆ ಇದೆ, ಕೋಣೆ ಬಾಡಿಗೆ ಯಾರು ಕೊಡ್ತಾರೆ?

ರಾಯಚೂರಿನವರಿಗೆ ಬೆಂಗಳೂರು 400 ಕಿ.ಮೀ., ಹೈದರಾಬಾದ್ ಹೆಚ್ಚುಕಡಿಮೆ ಅದರ ಅರ್ಧ. ಪಟ್ಟಿಗೆ ಸೇರಲು ಅದೇ ರಾಜ್ಯದವರಾಗಿರಬೇಕು ಅನ್ನೋ ಷರತ್ತನ್ನು ಕೈಬಿಡಿ ಅಂತ ಕೇಂದ್ರ 2023ರಲ್ಲಿ ರಾಜ್ಯಗಳಿಗೆ ಹೇಳಿತು. ಒಳ್ಳೇದೇ. ಆದರೂ ಸರದಿಯಲ್ಲಿ ಅಲ್ಲಿನವರು ಮುಂದೆ, ನಾವು ಹಿಂದೆ.

ಏಮ್ಸ್ ಬೇಕು ಅಂತ 2022ರ ಮೇನಲ್ಲಿ ರಾಯಚೂರಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಹಿಂದುಳಿದ ತಾಲ್ಲೂಕುಗಳ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ನಮಗೆ ಹೇಳಿದ್ದ ಐಐಟಿ ಧಾರವಾಡಕ್ಕೆ ಹೋಯ್ತಲ್ಲ, ಆ ಗಾಯ ಇನ್ನೂ ಹಸಿ. ನಾನೂ ಒಂದು ದಿನ ಆ ಟೆಂಟಿನಲ್ಲಿ ಕೂತು ಬಂದವನೇ. ಆದರೆ ಏಮ್ಸ್ ಬರೋತನಕ ಬಾಯಿ ಮುಚ್ಚಿಕೊಂಡಿರಬೇಕಾ?

ಜಿಲ್ಲೆಗೊಂದು ಕಸಿ ಥಿಯೇಟರ್ ಕೊಡಿ ಅಂತ ನಾನು ಕೇಳಲ್ಲ. ವರ್ಷಕ್ಕೆ ನಾಕು ಆಪರೇಷನ್ ಮಾಡುವ ಕೈಗೆ ಮಾವನನ್ನು ಒಪ್ಪಿಸೋಕೆ ನನಗೇ ಧೈರ್ಯವಿಲ್ಲ. ಆಪರೇಷನ್ ಬೆಂಗಳೂರಲ್ಲೇ ಆಗಲಿ. ಆಮೇಲಿನದನ್ನು ಇತ್ತ ತನ್ನಿ. ರಾಯಚೂರಿನ ಸರ್ಕಾರಿ ಆಸ್ಪತ್ರೆ ಓಪೆಕ್‌ನಲ್ಲೋ ಬಳ್ಳಾರಿಯ ಮೆಡಿಕಲ್ ಕಾಲೇಜಿನ, ಅಂದ್ರೆ ಹಳೇ ವಿಮ್ಸ್‌ನಲ್ಲೋ ವಾರಕ್ಕೊಂದು ದಿನ ಕಸಿಯಾದವರ ಕ್ಲಿನಿಕ್, ಒಂದು ಔಷಧ ಮಟ್ಟದ ಪರೀಕ್ಷೆ, ಬೆಂಗಳೂರಿನ ಡಾಕ್ಟರ ಜೊತೆ ವಿಡಿಯೋದಲ್ಲಿ ಹತ್ತು ನಿಮಿಷ. ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಯ ದುಡ್ಡಲ್ಲಿ ಇದೆಷ್ಟರ ಲೆಕ್ಕ?

ಇನ್ನೊಂದಿದೆ. ಕಸಿ ಮಾಡದ ಆಸ್ಪತ್ರೆಯೂ ಐಸಿಯು ಇದ್ದರೆ ನೋಂದಣಿ ಮಾಡಿಸಿ ಮಿದುಳು ಸತ್ತವರ ಅಂಗ ತೆಗೆದು ಕಳಿಸಬಹುದು, ಕಾಯ್ದೆಗೆ 2011ರಲ್ಲೇ ತಿದ್ದುಪಡಿಯಾಗಿದೆ. ಹೊಸಪೇಟೆ ಹೈವೇಯಲ್ಲಿ ತಲೆಗೆ ಪೆಟ್ಟು ಬಿದ್ದವರು ಬರೋದು ಬಳ್ಳಾರಿಗೇ. ನಾಲ್ವರು ಡಾಕ್ಟರು, ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ; ಮಿದುಳು ಸತ್ತಿದೆ ಅಂತ ಘೋಷಿಸೋಕೆ ಬೇಕಾದ್ದು ಅಷ್ಟು. ಹೃದಯಕ್ಕೆ ನಾಲ್ಕೈದು ತಾಸಷ್ಟೇ ಸಮಯ, ನಿಜ. ಆದರೆ ಕಿಡ್ನಿ ಐಸ್ ಪೆಟ್ಟಿಗೆಯಲ್ಲಿ ಒಂದಿಡೀ ದಿನ ತಡೆಯುತ್ತೆ. ಬಳ್ಳಾರಿಯಿಂದ ಬೆಂಗಳೂರಿಗೆ ರಸ್ತೆಯಲ್ಲೇ ಹೋಗಬಹುದು.

ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಬಂದು ನಮ್ಮ ಮಕ್ಕಳಿಗೆ ಮೆಡಿಕಲ್ ಸೀಟು ಸಿಕ್ಕವು. ನನ್ನ ಇಬ್ಬರು ವಿದ್ಯಾರ್ಥಿಗಳು ಈಗ ಡಾಕ್ಟರು, ಇಬ್ಬರೂ ಬೆಂಗಳೂರಲ್ಲಿ. ಬೈಯೋಕೆ ಮನಸ್ಸಿಲ್ಲ. ಅವತ್ತು ಬೆಳಿಗ್ಗೆ "ಈಗ ಕೊಡಬೇಡಿ ಸಾರ್, ರಕ್ತ ಕೊಟ್ಟ ಕೂಡಲೇ ನುಂಗಲಿ" ಅಂದವಳು ಅವರಲ್ಲೊಬ್ಬಳೇ.

ಇನ್ನೆರಡು ವಾರಕ್ಕೆ ಮತ್ತೆ ರಕ್ತ ಕೊಡಬೇಕು. ಈ ಸಲ ಅಕ್ಕ ಏಳೂವರೆ ಬಸ್ಸಿಗೆ ಸೀಟು ಹಿಡಿಸಿದ್ದಾಳೆ. ಎಂಟರ ಮಾತ್ರೆ ಬಸ್ಸಲ್ಲೇ.