ಹೊಂದಾಣಿಕೆ ಎಂದರೆ ನನ್ನದೆಲ್ಲ ಅಟ್ಟಕ್ಕೆ?

ಇಂದು ಬೆಳಿಗ್ಗೆ ಒಳಾಂಗಣ ವಿನ್ಯಾಸಕರು ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಬೂದು ಟೈಲ್ಸ್ ಇಟ್ಟು, "ಇದು ಇಬ್ಬರ ಅಭಿರುಚಿಗೂ ಹೊಂದುತ್ತದೆ" ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಯಾವ ಇಬ್ಬರು? ಗೋಡೆ ಬೂದು, ಸೋಫಾ ಬೂದು, ಪರದೆಯೂ ಬೂದು. ಎಲ್ಲವೂ ನಮ್ಮವರ ಆಯ್ಕೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ನನ್ನ ಚನ್ನಪಟ್ಟಣದ ಗೊಂಬೆಗಳು ಅಟ್ಟ ಸೇರಬೇಕಂತೆ. ಅಜ್ಜಿಯ ಬೀಟೆ ಮರದ ಪೆಟ್ಟಿಗೆ ಮನೆಗೆ ಒಪ್ಪುವುದಿಲ್ಲವಂತೆ. ಈಗ ನೆಲವೂ ಹೋಗಬೇಕೇ? ರೆಡ್ ಆಕ್ಸೈಡ್ ಬೆರೆಸಿದ ಸಿಮೆಂಟನ್ನು ಕರಣೆಯಿಂದ ಗಂಟೆಗಟ್ಟಲೆ ಉಜ್ಜಿ, ದಿನಗಟ್ಟಲೆ ನೀರುಣಿಸಿ ಮಾಡಿದ ನೆಲವಿದು! ಒರೆಸಿದಷ್ಟೂ ಹೊಳೆಯುತ್ತದೆ, ಏಪ್ರಿಲ್ ಬಿಸಿಲಿನಲ್ಲೂ ಬರಿಗಾಲಿಗೆ ತಂಪೆರೆಯುತ್ತದೆ. ಇದನ್ನು ಮುಚ್ಚಿದ ಮೇಲೆ ಮತ್ತೆ ಹಾಕಿಕೊಡುವ ಗಾರೆ ಕೆಲಸದವರನ್ನು ನಾನು ಎಲ್ಲಿಂದ ಹುಡುಕಿ ತರಲಿ?