ಬಳ್ಳಾರಿ ಮನೆಗೆ 90 ಲಕ್ಷ ಜಾಸ್ತಿಯಾಯ್ತಾ?

ಇಂಗ್ಲೆಂಡಿನಲ್ಲಿ ಯಾವ ಮನೆ ಎಷ್ಟಕ್ಕೆ ಹೋಯ್ತು ಅನ್ನೋದು ಗುಟ್ಟೇ ಅಲ್ಲ. ಅಲ್ಲಿನ ಸರ್ಕಾರದ ಭೂ ನೋಂದಣಿ ಇಲಾಖೆ 1995ರಿಂದ ಈಚಿನ ಮಾರಾಟದ ಬೆಲೆಗಳನ್ನು ವಿಳಾಸದ ಸಮೇತ ಪುಕ್ಕಟೆಯಾಗಿ ಎಲ್ಲರ ಮುಂದೆ ಇಟ್ಟಿದೆ. ಲೀಡ್ಸ್‌ನಲ್ಲಿ ನಮ್ಮ ಬೀದಿಯ ಮನೆಗಳ ರೇಟು ನನಗೆ ಗೊತ್ತು. ನನ್ನ ಮನೆಯ ರೇಟು ಬೀದಿಗೆಲ್ಲ ಗೊತ್ತು. ಬಳ್ಳಾರಿಯಲ್ಲಿ ಅಕ್ಕನ ಮನೆ ಪಕ್ಕದ್ದು ಎಷ್ಟಕ್ಕೆ ಹೋಯ್ತು ಅಂತ ಕೇಳಿದರೆ ಮೂರು ಉತ್ತರ ಸಿಗುತ್ತವೆ. ಮಾರಿದವರದ್ದು ಒಂದು, ಬ್ರೋಕರ್‌ದು ಒಂದು, ಖರೀದಿ ಪತ್ರದಲ್ಲಿ ಇರೋದು ಮತ್ತೊಂದು.

ಪತ್ರದಲ್ಲಿ ಬರೆದದ್ದನ್ನಾದರೂ ನಂಬೋಣ ಅಂದರೆ, ಬಹಳ ಸಲ ಅದು ಸರ್ಕಾರದ ಮಾರ್ಗಸೂಚಿ ದರದ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯ, ಆಸುಪಾಸಿನಲ್ಲೇ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಆ ದರ ಏರಿತು. ಆದರೂ ಪತ್ರದಲ್ಲಿ ತೋರಿಸೋದು ವೈಟು, ಕೈಯಿಂದ ನಗದು ಕೊಡೋದು ಬ್ಲ್ಯಾಕು ಅನ್ನೋ ಮಾತು ನಿಂತಿಲ್ಲ. ಸ್ಟಾಂಪ್ ಡ್ಯೂಟಿ ಉಳಿಯಿತು ಅಂತ ಖುಷಿಪಡುವವರು ಎರಡು ವಿಷಯ ಮರೆಯುತ್ತಾರೆ. ಬ್ಯಾಂಕು ಸಾಲ ಕೊಡೋದು ಕಾಗದದ ಮೇಲಿನ ಬೆಲೆಗೆ. ಮುಂದೆ ಮಾರುವಾಗ ಲಾಭದ ತೆರಿಗೆ ಹಾಕೋದೂ ಆ ಬೆಲೆಯಿಂದಲೇ. ಕೈಯಿಂದ ಕೊಟ್ಟ ನಗದು ಯಾವ ಲೆಕ್ಕಕ್ಕೂ ಬರೋದಿಲ್ಲ.

ಈಗ ಭಾವನವರು ಕಪ್ಪಗಲ್ ರಸ್ತೆ ಕಡೆ ಒಂದು ಮನೆ ನೋಡಿದ್ದಾರೆ. 30-40 ಸೈಟು, 12 ಚದರದ ಮನೆ, ಕಟ್ಟಿ 15 ವರ್ಷ. ಕೇಳ್ತಿರೋದು 90 ಲಕ್ಷ. ಜಾಸ್ತಿಯಾ, ಕಮ್ಮಿಯಾ ಅಂತ ನನ್ನನ್ನು ಕೇಳಿದರು. ನಾನು ತಿರುಗಿ ಕೇಳಿದ್ದು ಒಂದೇ, ಅದಕ್ಕೆ ಬಾಡಿಗೆ ಎಷ್ಟು ಬರುತ್ತದೆ?

14 ಸಾವಿರ ಅಂದರು. ಅಂದರೆ ವರ್ಷಕ್ಕೆ 1.68 ಲಕ್ಷ. 90 ಲಕ್ಷಕ್ಕೆ ನೂರಕ್ಕೆ ಎರಡು ರೂಪಾಯಿಯೂ ಹುಟ್ಟೋದಿಲ್ಲ. ಲೀಡ್ಸ್‌ನಲ್ಲಿ ನಮ್ಮ ಕಡೆ ಎರಡು ಲಕ್ಷ ಪೌಂಡಿನ ಮನೆಗೆ ತಿಂಗಳಿಗೆ ಸುಮಾರು ಸಾವಿರ ಪೌಂಡು ಬರುತ್ತದೆ, ನೂರಕ್ಕೆ ಆರು. ಪೂರ್ತಿ 90 ಪತ್ರದಲ್ಲೇ ತೋರಿಸಿದರೂ ಬ್ಯಾಂಕು ಅಷ್ಟಕ್ಕೂ ಸಾಲ ಕೊಡೋದಿಲ್ಲ. ಅವರು 65 ಲಕ್ಷ ಸಾಲ ಮಾಡಿದರು ಅಂದುಕೊಳ್ಳಿ. ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ಕಂತೇ 56 ಸಾವಿರ ದಾಟುತ್ತದೆ. ಅದೇ ಮನೆಯಲ್ಲಿ ಬಾಡಿಗೆಗಿದ್ದರೆ 14 ಸಾವಿರ!

"ಏನಪ್ಪ, ಬಾಡಿಗಿ ಲೆಕ್ಕ ಹಾಕಿ ಯಾರರ ಮನಿ ತಗೋತಾರೇನು?" ಅಂದರು ಭಾವ. ತಗೊಳ್ಳೋದಿಲ್ಲ, ನಿಜ. ಸ್ವಂತ ಮನೆಯ ನೆಮ್ಮದಿಗೆ ಒಂದಿಷ್ಟು ಜಾಸ್ತಿ ಕೊಡೋದು ತಪ್ಪೂ ಅಲ್ಲ. ಆದರೆ ನಮ್ಮೂರಿನ ಅಂಕಿಗಳಲ್ಲಿ ಸುಳ್ಳು ಕಮ್ಮಿ ಇರೋದು ಬಾಡಿಗೆಯಲ್ಲಿ. ಅದನ್ನು ಕೊಡೋರು ಸಂಬಳದಿಂದ ಕೊಡುತ್ತಾರೆ, ಆಸೆಯಿಂದ ಅಲ್ಲ. ಅದಿರಿನ ದುಡ್ಡು ಹರಿಯುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಆಗ ಸೈಟಿನ ರೇಟು ಕೇಳಿದರೆ ಮೇಷ್ಟ್ರು, ಗುಮಾಸ್ತರು ಸುಮ್ನಾಗುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ನಿಂತ ಮೇಲೆ ಆ ರೇಟಿಗೆ ಕೊಳ್ಳೋರು ಎಲ್ಲಿಂದ ಬರಬೇಕು?

ಇನ್ನೊಂದು ಲೆಕ್ಕ ಜಾಗ ಬೇರೆ, ಕಟ್ಟಡ ಬೇರೆ ಮಾಡಿ ನೋಡೋದು. ಜಾಗಕ್ಕೆ ಬ್ಯಾಡ ಬ್ಯಾಡ ಅಂದರೂ ಅಡಿಗೆ 4,000 ಹಿಡಿಯೋಣ, 1,200 ಅಡಿಗೆ 48 ಲಕ್ಷ. ಇವತ್ತು ಚದರಕ್ಕೆ ಎರಡು ಲಕ್ಷದಂತೆ ಕಟ್ಟಿದರೆ 24 ಲಕ್ಷ. ಕಟ್ಟಡಕ್ಕೆ 60 ವರ್ಷ ಆಯುಷ್ಯ ಅಂದರೆ ಕಾಲು ಭಾಗ ಆಗಲೇ ಸವೆದಿದೆ, ಉಳಿದದ್ದು 18. ಒಟ್ಟು 66. ಮಿಕ್ಕ 24 ಲಕ್ಷ ಯಾತಕ್ಕೆ? ಮೂಲೆ ಮನೆ, ಪೂರ್ವದ ಬಾಗಿಲು ಅಂತಾರೆ ಬ್ರೋಕರ್. ಒಬ್ಬರು ಅಡಿ ಲೆಕ್ಕ, ಒಬ್ಬರು ಸೆಂಟ್ಸ್ ಲೆಕ್ಕ ಹೇಳುವಾಗ ಒಂದು ಸೆಂಟಿಗೆ 435.6 ಅಡಿ ಅಂತ ಭಾಗಿಸಿ ನೋಡಬೇಕು. ಎಷ್ಟೋ ಅಗ್ಗದ ಮಾತು ಅಲ್ಲೇ ಮುಗಿಯುತ್ತದೆ. ಇದರ ಮೇಲೆ ರಿಜಿಸ್ಟ್ರೇಷನ್ ಖರ್ಚು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಎರಡು ಪರ್ಸೆಂಟ್ ಆದ ಮೇಲೆ, 90 ಲಕ್ಷಕ್ಕೆ ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಹತ್ತಿರ ಹತ್ತಿರ ಏಳು ಲಕ್ಷ.

ಹಾಗಂತ ಇಂಗ್ಲೆಂಡಿನವರು ಬಹಳ ಜಾಣರು ಅಂತಲೂ ಅಲ್ಲ. ಬೆಲೆ ಕಣ್ಣೆದುರೇ ಇರೋದರಿಂದ ಪಕ್ಕದ್ದು ಮೂರು ಲಕ್ಷಕ್ಕೆ ಹೋದರೆ ನಮ್ಮದು ಮೂರು ಲಕ್ಷ ಹತ್ತು ಸಾವಿರ ಅಂತಾರೆ. ಪಕ್ಕದವನೇ ಜಾಸ್ತಿ ಕೊಟ್ಟನೇನೋ ಅಂತ ಯಾರೂ ಯೋಚಿಸೋದಿಲ್ಲ. ಒಂದು ಒಳ್ಳೆಯ ಅಭ್ಯಾಸ ಇದೆ, ಕೊಳ್ಳೋರೇ ದುಡ್ಡು ಕೊಟ್ಟು ಸರ್ವೇಯರ್‌ನ ಕರೆಸಿ ಗೋಡೆಯ ತೇವ, ಬಿರುಕು, ಚಾವಣಿ ನೋಡಿಸುತ್ತಾರೆ, ಆ ವರದಿ ಹಿಡಿದು ಚೌಕಾಸಿ ಮಾಡುತ್ತಾರೆ. ನಮ್ಮಲ್ಲಿ ವಾಸ್ತು ನೋಡೋರಿಗೆ ಕೊಡೋ ದಕ್ಷಿಣೆಯಷ್ಟನ್ನು ಒಬ್ಬ ಸಿವಿಲ್ ಎಂಜಿನಿಯರಿಗೆ ಕೊಟ್ಟರೆ ಸಾಕು.

ನಮ್ಮಂಥ ಹೊರಗಿನವರದ್ದೂ ಒಂದು ರೋಗ ಇದೆ, ಎಲ್ಲವನ್ನೂ ಪೌಂಡಿಗೆ ಬದಲಿಸಿ "ಅಯ್ಯೋ, ಇಷ್ಟೇನಾ" ಅನ್ನೋದು. ಮಾರೋರಿಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಚೌಕಾಸಿಗೆ ನನ್ನ ಹೆಸರು ಎತ್ತಬೇಡಿ ಅಂತ ಭಾವನವರಿಗೆ ಹೇಳಿದ್ದೇನೆ.

ಅಕ್ಕನ ಲೆಕ್ಕ ಮಾತ್ರ ನನ್ನ ಲೆಕ್ಕಕ್ಕೆ ಸಿಗೋದಿಲ್ಲ. ನಲ್ಲಿ ನೀರು ದಿನಾ ಬರದ ಊರಿನಲ್ಲಿ ದೊಡ್ಡ ಸಂಪು, ಬತ್ತದ ಬೋರು ಇರೋ ಮನೆಗೆ ನಾಲ್ಕು ಲಕ್ಷ ಜಾಸ್ತಿ ಕೊಡಬಹುದು ಅಂತಾಳೆ. ಒಪ್ಪಿದೆ. 66ಕ್ಕೆ 4 ಸೇರಿಸಿ 70 ಹೇಳಿ, 72 ದಾಟಬೇಡಿ ಅಂದೆ. ಮಾರೋರು ಸದ್ಯಕ್ಕೆ 85ಕ್ಕೆ ಇಳಿದಿದ್ದಾರೆ.