ಗಾರ್ಡ್‌ಗೂ ಬೇಕು ಕಾಲಿನ ಕಸುವು

ಬ್ಯಾಸ್ಕೆಟ್‌ಬಾಲ್‌ನಲ್ಲಿ ಗಾರ್ಡ್ (ಚೆಂಡು ಮುಂದಕ್ಕೆ ಒಯ್ಯುವ, ಸಾಮಾನ್ಯವಾಗಿ ತಂಡದಲ್ಲೇ ಗಿಡ್ಡ ಇರುವ ಆಟಗಾರ) ಆಡುವವರಿಗೆ ಎಲ್ಲರೂ ಹೇಳಿಕೊಡುವುದು ಡ್ರಿಬ್ಲಿಂಗ್, ಪಾಸ್, ದೂರದ ಶಾಟ್. ವೆಯ್ಟ್ ಎತ್ತುವ ಮಾತು ಬಂದರೆ ಸಾಕು, "ಮೈ ಬಿಗಿಯಾಗುತ್ತೆ, ಸ್ಪೀಡ್ ಹೋಗುತ್ತೆ" ಅಂತ ಹೆದರಿಸುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇವತ್ತಿನ ಆಟದಲ್ಲಿ ಕಸುವಿಲ್ಲದ ಗಾರ್ಡ್ ಯಾರು ಅಂತ ಎದುರಾಳಿಗಳು ಹುಡುಕಿಕೊಂಡೇ ಬರುತ್ತಾರೆ.

ಒಂದು ಸ್ಕ್ರೀನ್ ಹಾಕಿ (ಡಿಫೆಂಡರ್‌ನ ದಾರಿಗೆ ತಮ್ಮವನನ್ನು ಅಡ್ಡ ನಿಲ್ಲಿಸಿ) ಸ್ವಿಚ್ ಮಾಡಿಸಿದರೆ, ಅಂದರೆ ಡಿಫೆಂಡರ್‌ಗಳು ತಾವು ಕಾಯುವ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಂತೆ ಮಾಡಿದರೆ ಮುಗಿಯಿತು. ಆರಡಿ ಚಿಲ್ಲರೆ ಎತ್ತರದ ಗಾರ್ಡ್ ಪಾಲಿಗೆ ರಿಂಗ್ ಹತ್ತಿರ ಆಡುವ ಏಳಡಿಯ ಸೆಂಟರ್ ಬರುತ್ತಾನೆ. ಆ ಸೆಂಟರ್ ರಿಂಗ್‌ಗೆ ಬೆನ್ನು ಹಾಕಿ, ಸೊಂಟದಿಂದ ಒತ್ತಿಕೊಂಡು ಒಳಗೆ ಬರುತ್ತಾನೆ.

ಇಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ. ನಿಜವಾದ ಜಗಳ ನಡೆಯುವುದು ಚೆಂಡು ಬರುವ ಮೊದಲೇ. ದೊಡ್ಡ ಆಟಗಾರ ರಿಂಗ್‌ನಿಂದ ಎರಡು ಹೆಜ್ಜೆ ದೂರದಲ್ಲಿ ಚೆಂಡು ಹಿಡಿದರೆ ತಿರುಗಿ ಹಾಕಿಬಿಡುತ್ತಾನೆ, ಅವನನ್ನು ಯಾರೂ ತಡೆಯಲಾರರು. ಅದೇ ಚೆಂಡನ್ನು ಪೇಂಟ್‌ನ (ರಿಂಗ್ ಕೆಳಗಿನ ಬಣ್ಣದ ಚೌಕದ) ಹೊರಗೆ ಹಿಡಿಯುವಂತೆ ಮಾಡಿದರೆ ಅವನು ಡ್ರಿಬಲ್ ಮಾಡಲೇಬೇಕು. ಡ್ರಿಬಲ್ ಮಾಡಿದರೆ ಚೆಂಡು ಕೆಳಗೆ ಬರುತ್ತದೆ. ಕೆಳಗೆ ಬಂದ ಚೆಂಡು ಗಿಡ್ಡ ಗಾರ್ಡ್‌ನ ಕೈಗೆ ಎಟುಕುತ್ತದೆ! ಅಷ್ಟರಲ್ಲಿ ಸಹಾಯಕ್ಕೆ ಇನ್ನೊಬ್ಬ ಡಿಫೆಂಡರ್ ಕೂಡ ಬರಬಹುದು. ಆ ಎರಡು ಹೆಜ್ಜೆಯ ವ್ಯತ್ಯಾಸ ತರುವುದು ತೊಡೆ ಮತ್ತು ಸೊಂಟದ ಬಲ. ಮಂಡಿ ಬಗ್ಗಿಸಿ, ಎದುರಾಳಿಯ ಸೊಂಟಕ್ಕಿಂತ ತನ್ನ ಸೊಂಟ ಕೆಳಗಿಟ್ಟು, ಪಾದ ಅಗಲ ಮಾಡಿ ನಿಂತ ಗಾರ್ಡ್‌ನನ್ನು ಕದಲಿಸುವುದು ಸುಲಭ ಅಲ್ಲ. ಅವನು ಗಿಡ್ಡ ಇರುವುದೇ ಅಲ್ಲಿ ಅನುಕೂಲ.

ಹೀಗೆ ಬೆನ್ನು ಕೊಟ್ಟು ತಳ್ಳುತ್ತಾ ಒಳಗೆ ನುಗ್ಗುವುದು ಒಂದು ಕಾಲದಲ್ಲಿ ಅತಿಯಾಗಿತ್ತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 1999-2000ರ ಸೀಸನ್‌ನಿಂದ ಅದಕ್ಕೆ 5 ಸೆಕೆಂಡ್ ಮಿತಿ ಹಾಕಿತು. ಹಾಗೆ ಆಡುತ್ತಿದ್ದ ಚಾರ್ಲ್ಸ್ ಬಾರ್ಕ್ಲಿಯ ಹೆಸರಿನಲ್ಲಿ ಜನ ಅದನ್ನು ಬಾರ್ಕ್ಲಿ ರೂಲ್ ಅಂತಲೇ ಕರೆಯುತ್ತಾರೆ. ಆದರೆ ಆ ಐದು ಸೆಕೆಂಡ್ ತಡೆದು ನಿಲ್ಲುವವರೆಗಾದರೂ ಕಾಲು ಗಟ್ಟಿ ಇರಬೇಕಲ್ವಾ?

ಫೌಲ್ ವಿಷಯಕ್ಕೆ ಬರೋಣ, ನನಗೆ ಇದೇ ಮುಖ್ಯ. ಬಲವಿಲ್ಲದವನು ಕೈಯಿಂದ ಡಿಫೆಂಡ್ ಮಾಡುತ್ತಾನೆ. ತಳ್ಳಿಸಿಕೊಂಡ ತಕ್ಷಣ ಎದುರಾಳಿಯ ತೋಳು ಹಿಡಿಯುತ್ತಾನೆ, ಜರ್ಸಿ ಎಳೆಯುತ್ತಾನೆ. ರೆಫರಿ ವಿಸಿಲ್ ಊದುತ್ತಾನೆ. ಬಲ ಇರುವವನು ಎದೆ ಕೊಟ್ಟು ನಿಲ್ಲುತ್ತಾನೆ, ಕೈ ನೇರ ಮೇಲೆತ್ತಿರುತ್ತಾನೆ. ಡಿಕ್ಕಿಯಾದರೂ ಅವನ ಜಾಗದಲ್ಲಿ ಅವನಿದ್ದಾನೆ, ಹಾಗಾಗಿ ಫೌಲ್ ಇಲ್ಲ.

ಎನ್‌ಬಿಎ ಗಾರ್ಡ್ ಮಾರ್ಕಸ್ ಸ್ಮಾರ್ಟ್ ಆಟ ನೋಡಿ. ಎತ್ತರ 6 ಅಡಿ 3 ಇಂಚು, ತೂಕ ಸುಮಾರು 100 ಕೆಜಿ. ತನಗಿಂತ ಎಷ್ಟೋ ಎತ್ತರದವರನ್ನು ಪೋಸ್ಟ್‌ನಲ್ಲಿ (ರಿಂಗ್ ಹತ್ತಿರದ ಜಾಗದಲ್ಲಿ) ಎದುರಿಸಿದ. 2022ರಲ್ಲಿ ಎನ್‌ಬಿಎಯ ವರ್ಷದ ಡಿಫೆನ್ಸಿವ್ ಆಟಗಾರ ಪ್ರಶಸ್ತಿ ಅವನಿಗೆ ಬಂತು. ಗಾರ್ಡ್ ಒಬ್ಬನಿಗೆ ಅದು ಸಿಕ್ಕಿದ್ದು 1996ರಲ್ಲಿ ಗ್ಯಾರಿ ಪೇಟನ್ ಗೆದ್ದ ಮೇಲೆ ಅದೇ ಮೊದಲು. ಆರಡಿಯ ಗಾರ್ಡ್ ಕೈಲ್ ಲೌರಿಯನ್ನೂ ನೋಡಿ. ರೀಬೌಂಡ್‌ಗೆ (ಶಾಟ್ ತಪ್ಪಿ ಪುಟಿದ ಚೆಂಡಿಗೆ) ಬಾಕ್ಸ್ ಔಟ್ ಮಾಡುವಾಗ, ಅಂದರೆ ಎದುರಾಳಿ ಹತ್ತಿರ ಬರದಂತೆ ಅಡ್ಡ ನಿಲ್ಲುವಾಗ, ದೊಡ್ಡವರ ತೊಡೆಗೆ ತನ್ನ ಸೊಂಟ ಒತ್ತಿ ಹಿಂದಕ್ಕೆ ನೂಕುತ್ತಾನೆ. ಚೆಂಡು ಅವನಿಗೇ ಸಿಗಬೇಕೆಂದಿಲ್ಲ, ಅವನ ತಂಡದವರಿಗೆ ಸಿಕ್ಕರಾಯಿತು.

ಇದಕ್ಕೆ ದೊಡ್ಡ ತೋಳು ಬೇಡ. ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿ ಕಾಲಿನ ಲಂಜ್, ಹೊಟ್ಟೆ-ಬೆನ್ನಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಸಾಕು. ಸರಿಯಾಗಿ ಮಾಡಿದರೆ ಇವೇ ಓಟಕ್ಕೂ ಜಿಗಿತಕ್ಕೂ ನೆರವಾಗುತ್ತವೆ, ಸ್ಪೀಡ್ ಎಲ್ಲೂ ಹೋಗುವುದಿಲ್ಲ. ಮುಂಗೈ ಹಿಡಿತವನ್ನೂ ಮರೆಯಬೇಡಿ. ಇಬ್ಬರೂ ಒಟ್ಟಿಗೆ ಚೆಂಡು ಹಿಡಿದಾಗ ಗೆಲ್ಲಿಸುವುದು ಅದೇ.

ನಿಕೊಲಾ ಯೋಕಿಚ್ ಥರದ ದೊಡ್ಡ ಸೆಂಟರ್ ತಲೆಯ ಮೇಲಿಂದ ಮೆತ್ತಗೆ ಶಾಟ್ ಹಾಕಿದರೆ ಯಾವ ಸ್ಕ್ವಾಟೂ ಉಳಿಸುವುದಿಲ್ಲ, ಅದು ನಿಜ. ಅಂಥವನಿಗೆ ಚೆಂಡು ಸಿಗದಂತೆ ಮುಂದೆ ಬಂದು ನಿಲ್ಲಬೇಕು, ಹಿಂದಿನಿಂದ ಇನ್ನೊಬ್ಬ ಕಾಯಬೇಕು. ಹಾಗೆ ಮುಂದೆ ಬಂದು ನಿಂತಾಗಲೂ ಆ ಸೆಂಟರ್ ಗಾರ್ಡ್‌ನ ಬೆನ್ನ ಹಿಂದಿನಿಂದ ತಳ್ಳುತ್ತಲೇ ಇರುತ್ತಾನೆ.